ಚಿತ್ರಲೇಖೆಯನ್ನು ಕೇಳಿದವರು ಯಾರು?

ಬಳ್ಳಾರಿ ಸೀಮೆಯಲ್ಲಿ ಕಾಲಿಗೆ ಬಿದ್ದವರಿಗೆ ಹಿರಿಯರು ‘ನೂರು ವರ್ಷ ಬಾಳಪ್ಪ’ ಎಂದು ಹರಸುತ್ತಾರೆ. ಅದೇ ಹಿರಿಯರು ಹಲಕುಂದಿಯಂಥ ಊರಿನ ಕಟ್ಟೆಯ ಮೇಲೆ ಕೂತಾಗ ತಮಗಾಗಿ ಬೇಡಿಕೊಳ್ಳುವುದೇ ಬೇರೆ: ‘ಕೈಕಾಲು ಗಟ್ಟಿ ಇರುವಾಗ್ಲೇ ಹೋಗಿಬಿಡಬೇಕು, ಯಾರ ಕೈಗೂ ಬೀಳಬಾರ್ದು.’ ನೂರು ವರ್ಷ ಇನ್ನೊಬ್ಬರಿಗೆ, ಸುಲಭದ ಸಾವು ತಮಗೆ. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡಿರುವ ಸಂಕಟವನ್ನು ಕನ್ನಡ ರಂಗಭೂಮಿಯ ಮೇಲೆ ನೇರವಾಗಿ ತಂದ ಕೃತಿ ಗಿರೀಶ ಕಾರ್ನಾಡರ ‘ಯಯಾತಿ’.

1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ ಈ ನಾಟಕವನ್ನು ಬರೆಯುವಾಗ ಕಾರ್ನಾಡರಿಗೆ ಇಪ್ಪತ್ತೆರಡರ ಆಸುಪಾಸು. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕು ಆಕ್ಸ್‌ಫರ್ಡಿಗೆ ಹೊರಟು ನಿಂತಿದ್ದರು. ಮಗ ಪರದೇಶದಲ್ಲೇ ಉಳಿದುಬಿಟ್ಟಾನು ಎಂಬ ಅಳುಕು ಮನೆಯವರಿಗೆ. ಹಿರಿಯರ ಆಸೆಗೆ ಕಿರಿಯರು ಎಷ್ಟು ತೆರಬೇಕು ಎಂಬ ಪ್ರಶ್ನೆ ಆ ದಿನಗಳಲ್ಲಿ ಅವರಿಗೆ ಬರೀ ಪುರಾಣದ್ದಾಗಿರಲಿಲ್ಲ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಶುಕ್ರಾಚಾರ್ಯರ ಶಾಪದಿಂದ ಯಯಾತಿಗೆ ಅಕಾಲದಲ್ಲಿ ಮುಪ್ಪು ಬರುತ್ತದೆ. ಯಾರಾದರೂ ಅದನ್ನು ಹೊರಲು ಒಪ್ಪಿದರೆ ಅವರ ಯೌವನ ಇವನದು. ಮಹಾಭಾರತದಲ್ಲಿ ಅವನ ಮಕ್ಕಳಾದ ಯದು, ತುರ್ವಸು, ದ್ರುಹ್ಯು, ಅನು ಒಲ್ಲೆ ಎನ್ನುತ್ತಾರೆ, ಪೂರು ಒಪ್ಪುತ್ತಾನೆ. ಅಪ್ಪ ಸಾವಿರ ವರ್ಷ ಸುಖಪಟ್ಟು, ತೃಪ್ತಿ ಕಾಣದೆ, ಯೌವನವನ್ನು ಮಗನಿಗೆ ಹಿಂದಿರುಗಿಸುತ್ತಾನೆ. ಯಯಾತಿ ಬಯಸಿದ್ದೇನು ಎಂಬುದನ್ನು ಸರಿಯಾಗಿ ಗಮನಿಸಬೇಕು. ಸಾವನ್ನು ಮುಂದೂಡು ಎಂದು ಅವನು ಕೇಳಲಿಲ್ಲ. ದೀರ್ಘಾಯುಷ್ಯ ಬೇಕೆನ್ನುವ ಯಾರೂ ಮುದಿತನದ ಮೂವತ್ತು ವರ್ಷ ಹೆಚ್ಚಿಗೆ ಕೊಡು ಎಂದು ಕೇಳುವುದಿಲ್ಲ. ಎಲ್ಲರಿಗೂ ಬೇಕಾದದ್ದು ಕೈಕಾಲು ಗಟ್ಟಿ ಇರುವ ವರ್ಷಗಳು. ಹಲಕುಂದಿಯ ಕಟ್ಟೆಯ ಬೇಡಿಕೆಗೂ ಪುರಾಣದ ಅರಸನ ಬೇಡಿಕೆಗೂ ಇಲ್ಲಿಯವರೆಗೆ ಅಂಥ ವ್ಯತ್ಯಾಸವಿಲ್ಲ.

ವ್ಯತ್ಯಾಸ ಶುರುವಾಗುವುದು ಬೆಲೆ ಕೊಡುವವರು ಯಾರು ಎಂಬಲ್ಲಿ. ಕಾರ್ನಾಡರ ಪ್ರತಿಭೆ ಕೈ ಇಟ್ಟಿರುವುದೂ ಸರಿಯಾಗಿ ಅಲ್ಲಿಯೇ. ಅವರು ಮೂಲದಲ್ಲಿ ಇಲ್ಲದ ಚಿತ್ರಲೇಖೆಯನ್ನು ತಂದರು. ಪೂರುವಿನ ಹೊಸ ಹೆಂಡತಿ ಆಕೆ, ಗಂಡನ ಮನೆಗೆ ಈಗಷ್ಟೇ ಕಾಲಿಟ್ಟವಳು. ಅಪ್ಪ ಕೇಳಿದ, ಮಗ ಕೊಟ್ಟ. ಕೋಣೆಯೊಳಗೆ ಮುಪ್ಪಾದ ಗಂಡನ ಮುಖ ಕಂಡು ನಡುಗಿದವಳು ಮಾತ್ರ ಅವಳು. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಸೊಸೆಗೆ ಕರ್ತವ್ಯದ ಉಪದೇಶ ಮಾಡಲು ಬಂದ ಯಯಾತಿಗೆ ಅವಳು ಎಸೆಯುವ ಸವಾಲು ಕನ್ನಡ ನಾಟಕದ ಅತ್ಯಂತ ಧೈರ್ಯದ ಗಳಿಗೆಗಳಲ್ಲಿ ಒಂದು: ತಾನು ಮದುವೆಯಾದದ್ದು ಆ ಯೌವನವನ್ನು, ಈಗ ಅದು ಮಾವನ ಮೈಯಲ್ಲಿದೆ, ಹಾಗಾದರೆ ಮಾವನೇ ತನ್ನನ್ನು ಸ್ವೀಕರಿಸಲಿ. ಅರಸ ಬೆಚ್ಚುತ್ತಾನೆ. ಧರ್ಮದ ಮಾತುಗಳೆಲ್ಲ ಖಾಲಿಯಾಗುತ್ತವೆ.

ಪೂರುವನ್ನೂ ಕಾರ್ನಾಡರು ಸುಮ್ಮನೆ ಬಿಡುವುದಿಲ್ಲ. ವಂಶದ ಹಿರಿಮೆಯ ಭಾರದಡಿ ಕುಗ್ಗಿದ ಈ ಹುಡುಗನಿಗೆ ಮುಪ್ಪನ್ನು ಹೊರುವುದು ದೊಡ್ಡವನಾಗಲು ಸಿಕ್ಕ ಹತ್ತಿರದ ದಾರಿಯೂ ಹೌದು. ಬೇಡುವವನಿಗಷ್ಟೇ ಅಲ್ಲ, ಕೊಡುವವನಿಗೂ ಸ್ವಾರ್ಥವಿರಬಹುದು ಎಂಬ ಈ ಒಳನೋಟ ಇಪ್ಪತ್ತೆರಡರ ಲೇಖಕನಿಗೆ ದಕ್ಕಿದ್ದು ಆಶ್ಚರ್ಯ.

ಇದು ಹಳೆಯ ಕಥೆ ಎನ್ನುವವರು 2023ರ ಸುದ್ದಿಯನ್ನು ನೆನೆಯಬೇಕು. ವಯಸ್ಸನ್ನು ಹಿಂದಕ್ಕೆ ತಿರುಗಿಸಲು ಹೊರಟ ಅಮೆರಿಕದ ಸಿರಿವಂತ ಉದ್ಯಮಿ ಬ್ರಯಾನ್ ಜಾನ್ಸನ್, ಹದಿನೇಳರ ಮಗನ ರಕ್ತದಿಂದ ತೆಗೆದ ಪ್ಲಾಸ್ಮಾವನ್ನು ತನ್ನ ಮೈಗೆ ಏರಿಸಿಕೊಂಡರು. ತಮ್ಮದನ್ನು ತಮ್ಮ ತಂದೆಗೆ ಕೊಟ್ಟರು. ಎಳೆಯರ ಪ್ಲಾಸ್ಮಾದಿಂದ ಮುಪ್ಪು ತಡೆಯಬಹುದು ಎಂಬುದಕ್ಕೆ ಪುರಾವೆಯಿಲ್ಲ ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲೇ ಎಚ್ಚರಿಸಿತ್ತು. ಕೆಲವೇ ತಿಂಗಳಲ್ಲಿ ಜಾನ್ಸನ್ ಅವರೇ ತಮಗೆ ಲಾಭ ಕಾಣಲಿಲ್ಲ ಎಂದು ಮಗನ ಪ್ಲಾಸ್ಮಾ ನಿಲ್ಲಿಸಿದರು. ಯಯಾತಿಯಾದರೂ ಶಾಪ ಬಿದ್ದ ಮೇಲೆ ಕೇಳಿದ್ದ. ಇಲ್ಲಿ ಶಾಪ ಕೊಟ್ಟವರಿಲ್ಲ. ನಲವತ್ತೈದು ದಾಟಿದ್ದನ್ನೇ ಶಾಪವೆಂದು ಬಗೆದ ಕಾಲವಿದು.

ನಾಟಕದ ದೋಷವನ್ನೂ ಹೇಳಬೇಕು. ಚಿತ್ರಲೇಖೆ ವಿಷ ಕುಡಿದು ಸಾಯುತ್ತಾಳೆ. ಆ ಸಾವಿನಿಂದ ಯಯಾತಿಗೆ ಕಣ್ಣು ತೆರೆಯುತ್ತದೆ, ಮುಪ್ಪನ್ನು ಮರಳಿ ಪಡೆದು ಪ್ರೇಯಸಿ ಶರ್ಮಿಷ್ಠೆಯೊಂದಿಗೆ ಕಾಡಿಗೆ ನಡೆಯುತ್ತಾನೆ. ಅರಸನ ಜ್ಞಾನೋದಯಕ್ಕೆ ಒಬ್ಬ ಹೆಣ್ಣಿನ ಹೆಣ ಬೇಕಾಯಿತು. ಅಷ್ಟು ತೀಕ್ಷ್ಣವಾಗಿ ವಾದಿಸಿದವಳನ್ನು ನಾಟಕಕಾರ ಬದುಕಗೊಟ್ಟಿದ್ದರೆ, ಮುದಿಗಂಡನ ಜೊತೆ ಮರುದಿನ ಬೆಳಗ್ಗೆ ಅವಳು ಏಳುವುದನ್ನು ತೋರಿಸಿದ್ದರೆ, ನಾಟಕ ಇನ್ನೂ ಕಷ್ಟದ, ಇನ್ನೂ ನಿಜವಾದ ಜಾಗಕ್ಕೆ ತಲುಪುತ್ತಿತ್ತು.

ಯಾಕೆಂದರೆ ನಮ್ಮ ಊರುಗಳ ಚಿತ್ರಲೇಖೆಯರು ವಿಷ ಕುಡಿಯುವುದಿಲ್ಲ, ಬೆಳಗ್ಗೆ ಏಳುತ್ತಾರೆ. ಹಾಸಿಗೆ ಹಿಡಿದ ಮಾವನ ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಆಮೇಲೆ ಹೊಲಕ್ಕೋ ಕೂಲಿಗೋ ಹೋಗುತ್ತಾರೆ. ‘ಎಂಥಾ ಮಗನಪ್ಪ, ಶ್ರವಣಕುಮಾರ’ ಎಂಬ ಹೊಗಳಿಕೆ ಮಾತ್ರ ಗಂಡನಿಗೆ ಸಲ್ಲುತ್ತದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ಈ ದೇಶದ ಸರಾಸರಿ ಆಯುಸ್ಸು 32ರ ಆಸುಪಾಸು, ಈಗ 70. ಸಿಡುಬು ಹೋಯಿತು, ಕಾಲರಾ ಅಡಗಿತು, ಹೆರಿಗೆಯಲ್ಲಿ ಸಾಯುವವರು ಕಡಿಮೆಯಾದರು. ಸಂಭ್ರಮಿಸಬೇಕಾದ ಗೆಲುವೇ ಇದು. ಆದರೆ ಬದುಕಿನ ಕೊನೆಗೆ ಸೇರಿದ ವರ್ಷಗಳ ಆರೈಕೆ ಯಾರದೆಂದು ಯಾರೂ ಕೂತು ಮಾತಾಡಲಿಲ್ಲ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ತಂದೆತಾಯಿಯನ್ನು ಸಲಹುವುದು ಮಕ್ಕಳ ಹೊಣೆ ಎಂದು 2007ರ ಕಾಯ್ದೆ ಹೇಳುತ್ತದೆ. ರಾತ್ರಿ ಮೂರು ಸಲ ಎದ್ದವಳ ಲೆಕ್ಕ ಇವೆರಡರಲ್ಲೂ ಇಲ್ಲ.

ದೀರ್ಘಾಯುಷ್ಯದ ಮಾತು ಬಂದಾಗ ನಾವು ತಟ್ಟನೆ 111 ವರ್ಷ ಬಾಳಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನೋ, ಹುಲಿಕಲ್–ಕುದೂರು ರಸ್ತೆಯುದ್ದಕ್ಕೂ ಆಲದ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತ ಸಾಲುಮರದ ತಿಮ್ಮಕ್ಕನನ್ನೋ ತೋರಿಸುತ್ತೇವೆ. ಇಂಥ ಬಾಳು ನೂರು ದಾಟಿದರೆ ಯಾರು ಬೇಡವೆಂದಾರು? ಆದರೆ ಈ ಉದಾಹರಣೆಗಳಲ್ಲಿ ಒಂದು ಕ್ರೌರ್ಯವೂ ಅಡಗಿದೆ. ಲೋಕಕ್ಕೆ ಉಪಯೋಗ ಬಿದ್ದವರು ಮಾತ್ರ ನೂರು ವರ್ಷಕ್ಕೆ ಅರ್ಹರು ಎಂದಂತಾಗುತ್ತದೆ. ಮೊಮ್ಮಗಳ ಮದುವೆ ನೋಡಬೇಕು, ತುಂಗಭದ್ರೆಯ ಕಾಲುವೆಗೆ ಇನ್ನೊಮ್ಮೆ ನೀರು ಬಿಟ್ಟಿದ್ದು ಕಾಣಬೇಕು ಎಂದು ಆಸೆಪಡುವ ಸಿರುಗುಪ್ಪದ ಅಜ್ಜಿ ಯಾರಿಗೂ ಏನನ್ನೂ ಸಾಬೀತು ಮಾಡಬೇಕಿಲ್ಲ. ಅವಳ ಆಸೆ ಸ್ವಾರ್ಥವಲ್ಲ. ಅದರ ಪೂರ್ತಿ ಭಾರವನ್ನು ಕೇಳದೆಯೇ ಒಬ್ಬಳ ಹೆಗಲಿಗೆ ಏರಿಸಿ ಸುಮ್ಮನಿರುವ ಮನೆ, ಊರು, ಸರ್ಕಾರ ಸ್ವಾರ್ಥಿಗಳು.

ಆಯುಷ್ಯದ ಈ ಪ್ರಶ್ನೆಯನ್ನು ಎಳೆಯ ವಯಸ್ಸಿನಲ್ಲೇ ಎತ್ತಿದ ಕಾರ್ನಾಡರು 2011ರಲ್ಲಿ ಬರೆದ ಆತ್ಮಕಥೆಗೆ ಇಟ್ಟ ಹೆಸರು ‘ಆಡಾಡತ ಆಯುಷ್ಯ’. 2018ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡೇ ಅವರು ಪತ್ರಕರ್ತೆ ಗೌರಿ ಲಂಕೇಶ್ ನೆನಪಿನ ಸಭೆಗೆ ಬಂದು ಕೂತರು. ಮರುವರ್ಷ ಜೂನ್ 10ರಂದು ತೀರಿಕೊಂಡರು. ಸರ್ಕಾರಿ ಗೌರವ, ವಿಧಿವಿಧಾನ ಯಾವುದೂ ಬೇಡವೆಂದು ಮೊದಲೇ ಹೇಳಿದ್ದರು.

ರಂಗನಟ ಬಳ್ಳಾರಿ ರಾಘವರ ಊರಿನಲ್ಲಿ ‘ಯಯಾತಿ’ ಮತ್ತೆ ಮತ್ತೆ ರಂಗಕ್ಕೆ ಬರಬೇಕು. ರಾಘವ ಕಲಾಮಂದಿರದಲ್ಲಿ ಇದನ್ನು ಆಡುವ ತಂಡ ಚಿತ್ರಲೇಖೆಯ ಒಂದು ಮಾತನ್ನೂ ಕತ್ತರಿಸದಿರಲಿ. ಹಲಕುಂದಿ, ಕುರುಗೋಡು, ಸಿರುಗುಪ್ಪಗಳಿಂದ ಸೊಸೆಯಂದಿರನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಲಿ. ಆ ಸಂಜೆ ಮನೆಯ ಮುದುಕರನ್ನು ಗಂಡಂದಿರು ನೋಡಿಕೊಳ್ಳಲಿ.