ಪಾತ್ರಾಭಿನಯ ಕ್ರೀಡೆಯಲ್ಲಿ ದಾಳದ ಸ್ಥಾನ

ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಬಾಯಿಮಾತಿನಿಂದಲೇ ಕಥೆಯೊಂದನ್ನು ನಡೆಯಿಸುವ ಕ್ರೀಡೆಯು ಪಾಶ್ಚಾತ್ಯ ದೇಶಗಳಲ್ಲಿ ಅರ್ಧ ಶತಮಾನದಿಂದ ಪ್ರಚಾರದಲ್ಲಿರುವುದು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬುದು ಈ ಸಂತತಿಗೆ ಮೂಲ. ಆಟಗಾರರ ಪಾತ್ರಗಳನ್ನುಳಿದು ಕಥಾಲೋಕದ ಸಮಸ್ತವನ್ನೂ ನಿರ್ವಾಹಕನೊಬ್ಬನು ನುಡಿಯುತ್ತಾನೆ. ಕಾರ್ಯದ ಫಲವು ಸಂದಿಗ್ಧವಾದೆಡೆಯಲ್ಲಿ ದಾಳವನ್ನು ಉರುಳಿಸುತ್ತಾರೆ. ಇದನ್ನು ಹುಡುಗಾಟವೆಂದು ತಳ್ಳಿಬಿಡುವುದು ಸುಲಭ. ಆದರೆ ಆಶುಭಾಷಣಕ್ಕೂ ಕಥಾಗತಿಗೂ ಸಂಬಂಧವೇನೆಂಬ ಪ್ರಶ್ನೆ ಇದರಲ್ಲಿ ಎದ್ದಷ್ಟು ನಗ್ನವಾಗಿ ಬೇರೆ ಕಡೆ ಏಳುವುದು ಅಪರೂಪ.

ಪ್ರಶ್ನೆಯ ಸ್ವರೂಪ ಹೀಗೆ. ಕೋಟೆಯ ಬಾಗಿಲಲ್ಲಿ ಕಾವಲುಗಾರನಿದ್ದಾನೆ. ದೂತನ ಪಾತ್ರವನ್ನು ವಹಿಸಿದವನು ಕೇಳಿದವರೆಲ್ಲ ತಲೆದೂಗುವಂತೆ ಮಾತನಾಡಿ ಒಳಗೆ ಬಿಡೆಂದು ಬೇಡುತ್ತಾನೆ. ನಿರ್ವಾಹಕನು ಇಪ್ಪತ್ತು ಮುಖದ ದಾಳವನ್ನು ಹಾಕಿಸುತ್ತಾನೆ. ಹನ್ನೊಂದು ಬೇಕಾಗಿದ್ದರೆ ಗೆಲುವಿನ ಸಂಭವ ನೂರಕ್ಕೆ 50. ಪಾತ್ರದ ವಾಕ್ಚಾತುರ್ಯಕ್ಕಾಗಿ ಐದನ್ನು ಕೂಡಿಸಿದರೆ 75. ಬಿದ್ದುದು ಮೂರು. ಹಾಗಾದರೆ ಆ ಮಾತಿಗೆಲ್ಲ ಬೆಲೆಯೇನೆಂದು ಒಂದು ಪಕ್ಷದವರು ಕೇಳುತ್ತಾರೆ. ಎದುರು ಪಕ್ಷದವರ ಮಾತೂ ಹಗುರವಲ್ಲ. ವೀರನ ಪಾತ್ರ ವಹಿಸಿದವನನ್ನು ಎದ್ದು ಕತ್ತಿ ಬೀಸೆಂದು ಯಾರೂ ಕೇಳುವುದಿಲ್ಲ. ಹೀಗಿರಲು ವಾಗ್ಮಿಯ ಪಾತ್ರವನ್ನು ಆರಿಸಿಕೊಂಡ ಸಂಕೋಚದವನೊಬ್ಬನು ತಾನೇ ವಾಗ್ಮಿಯಾಗಿರಬೇಕೆಂಬುದು ಯಾವ ನ್ಯಾಯ?

2014ರಲ್ಲಿ ಹೊರಬಂದ ಆ ಕ್ರೀಡೆಯ ಐದನೆಯ ಆವೃತ್ತಿಯ ನಿರ್ವಾಹಕ ಗ್ರಂಥವು ಈ ವಿಷಯವನ್ನೆತ್ತಿಕೊಂಡು ಮೂರು ಮಾರ್ಗಗಳನ್ನು ಹೇಳುತ್ತದೆ. ಎಲ್ಲಕ್ಕೂ ದಾಳ ಹಾಕುವುದು ಒಂದು: ಅದರಿಂದ ಅಭಿನಯ ಕುಗ್ಗೀತು. ದಾಳವನ್ನು ಆದಷ್ಟು ಬಿಡುವುದು ಎರಡು: ಅದರಿಂದ ನಿರ್ವಾಹಕನ ಪಕ್ಷಪಾತಕ್ಕೆ ಎಡೆಯಾದೀತು. ಎರಡನ್ನೂ ಬೆರೆಸುವ ಮಧ್ಯಮಾರ್ಗವು ಮೂರನೆಯದು. ದೋಷಗಳ ನಿರೂಪಣೆ ಸರಿಯಾಗಿದೆ. ಪರಿಹಾರದಲ್ಲಿ ಮಾತ್ರ ನಮಗೆ ತೃಪ್ತಿಯಿಲ್ಲ. ಉಪ್ಪು ಹೆಚ್ಚಾದರೆ ಕೆಟ್ಟಿತು, ಕಡಮೆಯಾದರೂ ಕೆಟ್ಟಿತು, ಹದವಾಗಿ ಹಾಕು ಎಂದರೆ ಅಡಿಗೆ ಕಲಿಸಿದಂತಾಯಿತೆ? ದಾಳವೂ ಮಾತೂ ಒಂದೇ ತಕ್ಕಡಿಯ ಎರಡು ತಟ್ಟೆಗಳೆಂಬ ಕಲ್ಪನೆಯೇ ಇಲ್ಲಿನ ತೊಡಕು.

ಈ ವಿವಾದ 1974ಕ್ಕಿಂತ ಬಹಳ ಹಳೆಯದು. ಪ್ರಷ್ಯದ ಸೈನ್ಯಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧಕ್ರೀಡೆಯಲ್ಲಿ ಮಧ್ಯಸ್ಥನು ದಾಳ ಹಾಕಿ, ಕೋಷ್ಟಕ ನೋಡಿ, ಸತ್ತವರ ಲೆಕ್ಕ ಹೇಳಬೇಕಾಗಿದ್ದಿತು. 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಸೇನಾನಿಯು ಈ ಕೋಷ್ಟಕಗಳನ್ನು ಬಿಟ್ಟು, ಯುದ್ಧಾನುಭವವುಳ್ಳ ಮಧ್ಯಸ್ಥನ ವಿವೇಕವೇ ಸಾಕೆಂದನು. 1991ರಲ್ಲಿ ಎರಿಕ್ ವುಜ್ಸಿಕ್ ದಾಳವೇ ಇಲ್ಲದ ‘ಆಂಬರ್’ ಎಂಬ ಕ್ರೀಡೆಯನ್ನು ರಚಿಸಿದಾಗಲೂ ಭಾರವೆಲ್ಲ ನಿರ್ವಾಹಕನ ಮೇಲೆಯೇ ಬಿದ್ದಿತು. ಸೇನಾನಿಯ ತೀರ್ಪಿಗೆ ರಣಭೂಮಿಯ ಪ್ರಮಾಣವುಂಟು. ಕಲ್ಪಿತ ಕಾವಲುಗಾರನ ಮನಸ್ಸಿಗೆ ಅಂತಹ ಪ್ರಮಾಣವೆಲ್ಲಿ? ಮಾತಿನಿಂದಲೇ ತೀರ್ಪಾಗಲೆಂದರೆ, ಅಲ್ಲಿ ಒಲಿಸಿಕೊಳ್ಳಬೇಕಾದುದು ಕಾವಲುಗಾರನನ್ನಲ್ಲ, ನಿರ್ವಾಹಕನನ್ನು.

ಇಲ್ಲಿ ನಮ್ಮ ತಾಳಮದ್ದಳೆಯನ್ನು ನೆನೆಯುವುದು ಅಪ್ರಸ್ತುತವಲ್ಲ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪ್ರಸಂಗದ ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಂದಲೇ ಆಶುವಾಗಿ ವಾದಿಸುತ್ತಾರೆ. ಕೃಷ್ಣಸಂಧಾನ ಪ್ರಸಂಗದಲ್ಲಿ ಕೃಷ್ಣನ ಅರ್ಥಧಾರಿ ಎಷ್ಟೇ ಪ್ರಚಂಡನಾಗಿರಲಿ, ಎದುರಾಳಿಯನ್ನು ನಿರುತ್ತರನನ್ನಾಗಿಯೇ ಮಾಡಲಿ, ಸಂಧಿ ಮುರಿಯಲೇಬೇಕು. ಅದಕ್ಕಾಗಿ ಕೃಷ್ಣನ ಮಾತು ವ್ಯರ್ಥವಾಯಿತೆಂದು ಸಭೆಯಲ್ಲಿ ಯಾರೂ ಗೊಣಗುವುದಿಲ್ಲ. ಅಷ್ಟು ಯುಕ್ತವಾದ ಮಾತನ್ನು ಕೇಳಿಯೂ ಕೌರವನು ಒಲ್ಲೆನೆನ್ನುವುದಕ್ಕೆ ಎಂತಹ ಮನಸ್ಸಿರಬೇಕು ಎಂಬುದನ್ನು ತೋರಿಸುವುದು ಕೌರವನ ಅರ್ಥಧಾರಿಯ ಹೊಣೆ; ಕೃಷ್ಣನ ವಾದ ಬಲವಾದಷ್ಟೂ ಈ ನಿರಾಕರಣದ ಅರ್ಥ ಆಳವಾಗುತ್ತದೆ. ಫಲವನ್ನು ಪ್ರಸಂಗವು ಕೊಡುತ್ತದೆ. ಅರ್ಥವನ್ನು ಮಾತು ಕೊಡುತ್ತದೆ.

ದಾಳದ ನಿಜವಾದ ಸ್ಥಾನ ಈ ಪದ್ಯದ ಸ್ಥಾನವೆಂದು ನಮ್ಮ ಅಭಿಪ್ರಾಯ. ಭೇದವಿಷ್ಟೆ: ಪ್ರಸಂಗದ ಕೊನೆ ಎಲ್ಲರಿಗೂ ಮುಂಚೆಯೇ ಗೊತ್ತು, ದಾಳದ ಪದ್ಯವನ್ನು ನಿರ್ವಾಹಕನೂ ಓದಿರುವುದಿಲ್ಲ. ಆದಕಾರಣ ದಾಳ ಹಾಕುವ ಮುನ್ನ ಕೇಳಿಕೊಳ್ಳತಕ್ಕ ಪ್ರಶ್ನೆಯೊಂದೇ. ಬೀಳಬಹುದಾದ ಪ್ರತಿಯೊಂದು ಫಲಕ್ಕೂ ಅರ್ಥ ಹೇಳಬಲ್ಲೆವೆ? ಹೇಳಲಾರೆವಾದರೆ ದಾಳವನ್ನು ಮುಟ್ಟಬಾರದು. ಕಾವಲುಗಾರನಿಗೆ ಬಾಗಿಲು ತೆರೆಯದಿರಲು ಯಾವ ಕಾರಣವೂ ತೋರದಿದ್ದರೆ ಅವನು ತೆರೆಯಲಿ.

ಈ ದೃಷ್ಟಿಯಿಂದ ನೋಡಿದರೆ 2000ದ ಮೂರನೆಯ ಆವೃತ್ತಿಯು ರಾಯಭಾರವನ್ನು ಅಂಕವುಳ್ಳ ಕೌಶಲವನ್ನಾಗಿ ಮಾಡಿದುದು ಸಂಕೋಚದ ಆಟಗಾರನಿಗೆ ಉಪಕಾರವೇ. ಆದರೆ ಏನನ್ನು ಹೇಳಿದನೆಂದು ಕೇಳದೆಯೇ ಅಂಕವನ್ನು ಮಾತ್ರ ಓದುವ ಅಭ್ಯಾಸಕ್ಕೆ ಅದು ದಾರಿಯಾಯಿತು. ಅದು ಅರ್ಥವಿಲ್ಲದ ಪದ್ಯ. ಚೆನ್ನಾಗಿ ಅಭಿನಯಿಸಿದವನಿಗೆ ಎರಡು ದಾಳ ಹಾಕಿ ದೊಡ್ಡದನ್ನು ಕೊಳ್ಳಲು ಬಿಡುವ 2014ರ ನಿಯಮವೂ, ನಮಗೆ ತೋರುವಂತೆ, ಮಾತಿಗೆ ಕೂಲಿ ಕೊಟ್ಟಂತೆ. ವಿನ್ಸೆಂಟ್ ಬೇಕರ್, ಮೆಗ್ವಿ ಬೇಕರ್ ಇವರ ‘ಅಪೋಕಲಿಪ್ಸ್ ವರ್ಲ್ಡ್’ (2010) ಹೆಚ್ಚು ವಿವೇಕದ್ದು. ಅಲ್ಲಿ ಪಾತ್ರವು ಕಥೆಯೊಳಗೆ ಕಾರ್ಯವನ್ನು ಮಾಡಿಯೇ ದಾಳಕ್ಕೆ ಬರಬೇಕು. ಆರು ಮುಖದ ಎರಡು ದಾಳಗಳಲ್ಲಿ ಏಳರಿಂದ ಒಂಬತ್ತರವರೆಗೆ ಬಿದ್ದರೆ ಗೆಲುವು ಬೆಲೆಯೊಡನೆ ಬರುತ್ತದೆ. ಏನೂ ಕೂಡಿಸದಿದ್ದಲ್ಲಿ 36ರಲ್ಲಿ 15 ಸಲ ಬೀಳುವುದು ಇದೇ. ಆ ಬೆಲೆ ಯಾವುದೆಂದು ಯಾರಾದರೂ ನುಡಿದಲ್ಲದೆ ಆಟ ಮುಂದೆ ಸಾಗದು.

ನಮ್ಮ ಕಾವಲುಗಾರನ ಮುಂದೆ ಮೂರು ಬಿದ್ದಿದೆಯಷ್ಟೆ. ನಿರ್ವಾಹಕನು ‘ಆಗಲಿಲ್ಲ’ ಎಂದು ಮುಂದಕ್ಕೆ ಹೋಗಬಹುದು. ಇಲ್ಲವೆ, ದೂತನ ಮಾತನ್ನು ಕೇಳಿ ಕಾವಲುಗಾರನ ಕಣ್ಣು ಒದ್ದೆಯಾಯಿತು, ಇಂಥದೇ ಮಾತಿಗೆ ಮರುಳಾಗಿ ಬಾಗಿಲು ತೆರೆದ ತನ್ನ ಅಣ್ಣನನ್ನು ಹೋದ ಚಳಿಗಾಲದಲ್ಲಿ ಈ ಗೋಡೆಯ ಮೇಲೆಯೇ ನೇಣುಹಾಕಿದರೆಂದು ಹೇಳಿ ಅವನು ಅಗಳಿಯನ್ನು ಬಿಗಿದನು ಎನ್ನಬಹುದು.