ಸಮ್ಮತಿಯ ಚಿಲಕ

ವಿಧಾನಸಭೆಯಲ್ಲಿ ಪ್ರತಿಪಕ್ಷದವರು ಸದನದ ಬಾವಿಗಿಳಿದಾಗ ಕೇಳಿಬರುವ ಘೋಷಣೆಗಳಲ್ಲಿ ಒಂದು, ಯಾವ ಪಕ್ಷ ಬಾವಿಗಿಳಿದರೂ ಬದಲಾಗುವುದಿಲ್ಲ: ‘ಸಿಬಿಐಗೆ ವಹಿಸಿ’. ಐಎಎಸ್ ಅಧಿಕಾರಿ ಡಿ.ಕೆ. ರವಿ 2015ರಲ್ಲಿ ತೀರಿಕೊಂಡಾಗ ಆ ಕೂಗು ಬೀದಿಗೂ ಬಂತು. ಸಿದ್ದರಾಮಯ್ಯ ಸರ್ಕಾರ ಮಣಿಯಿತು. ತನಿಖೆ ಮುಗಿಸಿದ ಸಿಬಿಐ ಅದು ಆತ್ಮಹತ್ಯೆ ಎಂದಿತು. ಒಂಬತ್ತು ವರ್ಷ ಕಳೆದು 2024ರ ಸೆಪ್ಟೆಂಬರ್ 26ರಂದು ಅದೇ ಮುಖ್ಯಮಂತ್ರಿಯ ಸಂಪುಟ, ರಾಜ್ಯವು ಸಿಬಿಐಗೆ ಕೊಟ್ಟಿದ್ದ ಮುಕ್ತ ಸಮ್ಮತಿಯನ್ನು ವಾಪಸ್ ಪಡೆಯಿತು. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನ ಪ್ರಕರಣದಲ್ಲಿ ತಮ್ಮ ವಿರುದ್ಧದ ತನಿಖೆಗೆ ರಾಜ್ಯಪಾಲರು ಕೊಟ್ಟ ಅನುಮತಿಯನ್ನು ಪ್ರಶ್ನಿಸಿ ಮುಖ್ಯಮಂತ್ರಿ ಸಲ್ಲಿಸಿದ್ದ ಅರ್ಜಿಯನ್ನು ಹೈಕೋರ್ಟ್ ವಜಾ ಮಾಡಿ ಆಗಿನ್ನೂ ಎರಡೇ ದಿನ. ಸಿಬಿಐ ದುರ್ಬಳಕೆ ಆಗುತ್ತಿದೆ, ಅದಕ್ಕೇ ಈ ತೀರ್ಮಾನ ಎಂದರು ಕಾನೂನು ಸಚಿವ ಎಚ್.ಕೆ. ಪಾಟೀಲ. ಆ ಆಕ್ಷೇಪದಲ್ಲಿ ಹುರುಳಿರಬಹುದು. ಆದರೆ ಅದಕ್ಕೆ ಮುಹೂರ್ತ ಕೂಡಿಬಂದದ್ದು ಆ ಗುರುವಾರವೇ.

ಈ ಸಮ್ಮತಿಯ ಬೇರು ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನಾ ಸರಬರಾಜಿನ ಲಂಚವನ್ನು ಹಿಡಿಯಲು ಬ್ರಿಟಿಷ್ ಸರ್ಕಾರ 1941ರಲ್ಲಿ ವಿಶೇಷ ಪೊಲೀಸ್ ದಳವೊಂದನ್ನು ಕಟ್ಟಿತು. 1946ರಲ್ಲಿ ಅದಕ್ಕೆ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯ ಆಸರೆ ಸಿಕ್ಕಿತು. 1963ರ ಏಪ್ರಿಲ್ 1ರಂದು ಗೃಹ ಸಚಿವಾಲಯದ ನಿರ್ಣಯವೊಂದರಿಂದ ಸಿಬಿಐ ಹುಟ್ಟಿತು. ಅದಕ್ಕೆಂದೇ ಒಂದು ಸ್ವತಂತ್ರ ಕಾಯ್ದೆ ಇವತ್ತಿಗೂ ಇಲ್ಲ. ಅತ್ತ, ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ಎಂಬುದು ರಾಜ್ಯಪಟ್ಟಿಯಲ್ಲಿದೆ. ಹಾಗಾಗಿ 1946ರ ಕಾಯ್ದೆಯ ಆರನೇ ಸೆಕ್ಷನ್ ಪ್ರಕಾರ ರಾಜ್ಯ ಒಪ್ಪದೆ ಸಿಬಿಐ ಅಲ್ಲಿ ಅಧಿಕಾರ ಚಲಾಯಿಸುವಂತಿಲ್ಲ. ಮುಕ್ತ ಸಮ್ಮತಿ ಇದ್ದರೆ ಸಿಬಿಐ ನೇರವಾಗಿ ಎಫ್‌ಐಆರ್ ದಾಖಲಿಸಬಹುದು. ಇಲ್ಲವಾದರೆ ಪ್ರತಿ ಪ್ರಕರಣದ ಕಡತವೂ ರಾಜ್ಯದ ಒಳಾಡಳಿತ ಇಲಾಖೆಯ ಮೇಜಿನ ಮೇಲೆ ಸರದಿಗೆ ಕಾಯಬೇಕು.

ಒಳಗಿನಿಂದ ಹಾಕಿಕೊಳ್ಳುವ ಇಂಥದ್ದೊಂದು ಚಿಲಕ ರಾಜ್ಯಗಳಿಗೆ ಬೇಕೇ ಬೇಕು. ಸಿಬಿಐ ಪ್ರಧಾನಿಯವರ ಕೈಯಲ್ಲೇ ಇರುವ ಸಿಬ್ಬಂದಿ ಖಾತೆಯ ಅಡಿಯಲ್ಲಿದೆ. ಕಲ್ಲಿದ್ದಲು ಹಗರಣದ ವಿಚಾರಣೆ ವೇಳೆ ಸುಪ್ರೀಂ ಕೋರ್ಟ್ ಅದನ್ನು ಪಂಜರದ ಗಿಣಿ ಎಂದು ಕರೆದದ್ದು 2013ರಲ್ಲಿ, ಯುಪಿಎ ಆಡಳಿತದಲ್ಲಿ. ಸಮ್ಮತಿ ಹಿಂಪಡೆದ ಮೇಲೂ ಸಿಬಿಐ ಪ್ರಕರಣ ದಾಖಲಿಸುತ್ತಿದೆ ಎಂದು ಪಶ್ಚಿಮ ಬಂಗಾಳ ಹೂಡಿದ ದಾವೆಯಲ್ಲಿ, ಸಿಬಿಐ ತನ್ನ ಹಿಡಿತದಲ್ಲಿಲ್ಲ ಎಂಬ ಕೇಂದ್ರದ ವಾದವನ್ನು 2024ರ ಜುಲೈನಲ್ಲಿ ಅದೇ ನ್ಯಾಯಾಲಯ ಒಪ್ಪಲಿಲ್ಲ. ಪಂಜರ ಹಳೆಯದೇ, ಮಾಲೀಕರು ಮಾತ್ರ ಬೇರೆ.

ತಕರಾರು ಇರುವುದು ಚಿಲಕ ಹಾಕುವ ಹೊತ್ತಿನ ಬಗ್ಗೆ. ಆಂಧ್ರದಲ್ಲಿ ಚಂದ್ರಬಾಬು ನಾಯ್ಡು 2018ರ ನವೆಂಬರ್‌ನಲ್ಲಿ ಸಮ್ಮತಿ ಹಿಂಪಡೆದರು. 2019ರಲ್ಲಿ ಗೆದ್ದ ಜಗನ್ ಮರಳಿ ಕೊಟ್ಟರು. ಮಹಾರಾಷ್ಟ್ರದಲ್ಲಿ ಉದ್ಧವ್ ಠಾಕ್ರೆ 2020ರಲ್ಲಿ ಹಾಕಿದ್ದನ್ನು ಏಕನಾಥ ಶಿಂದೆ 2022ರಲ್ಲಿ ತೆಗೆದರು. ಕರ್ನಾಟಕಕ್ಕೂ ಇದು ಹೊಸತಲ್ಲ, 1998ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಇದನ್ನೇ ಮಾಡಿತ್ತು. ಡಿ.ಕೆ. ಶಿವಕುಮಾರ್ ಅವರ ಆಸ್ತಿ ಪ್ರಕರಣದಲ್ಲಂತೂ ಈ ಆಟ ಇನ್ನೂ ಸ್ಪಷ್ಟ. 2019ರಲ್ಲಿ ಯಡಿಯೂರಪ್ಪ ಸರ್ಕಾರ ಅವರ ವಿರುದ್ಧದ ತನಿಖೆಗೆ ಒಪ್ಪಿಗೆ ಕೊಟ್ಟಿತು. 2023ರ ನವೆಂಬರ್‌ನಲ್ಲಿ, ಅವರೇ ಉಪಮುಖ್ಯಮಂತ್ರಿಯಾಗಿದ್ದ ಸರ್ಕಾರ ಅದನ್ನು ಕಿತ್ತುಕೊಂಡಿತು, ಆಮೇಲೆ ಪ್ರಕರಣವನ್ನು ಲೋಕಾಯುಕ್ತಕ್ಕೆ ಕೊಟ್ಟಿತು. ಇದು ಕೇಂದ್ರ ಮತ್ತು ರಾಜ್ಯದ ನಡುವಿನ ವ್ಯಾಜ್ಯ, ಸುಪ್ರೀಂ ಕೋರ್ಟ್‌ಗೆ ಹೋಗಿ ಎಂದು ಹೈಕೋರ್ಟ್ 2024ರ ಆಗಸ್ಟ್‌ನಲ್ಲಿ ಕೈತೊಳೆದುಕೊಂಡಿತು.

ಹಾಕಿದ ಚಿಲಕವಾದರೂ ಗಟ್ಟಿಯೇ?

2019ರ ಫೆಬ್ರುವರಿ 3, ಭಾನುವಾರ ಸಂಜೆ. ಶಾರದಾ ಚಿಟ್ ಫಂಡ್ ಹಗರಣದ ತನಿಖೆಗೆಂದು ಸಿಬಿಐ ತಂಡ ಕೋಲ್ಕತ್ತಾ ಪೊಲೀಸ್ ಕಮಿಷನರ್ ಮನೆ ಬಾಗಿಲಿಗೆ ಬಂತು. ಒಳಗೆ ಬಿಡುವ ಮಾತಿರಲಿ, ಸ್ಥಳೀಯ ಪೊಲೀಸರು ಸಿಬಿಐ ಅಧಿಕಾರಿಗಳನ್ನೇ ಎಳೆದು ಜೀಪಿಗೆ ಹತ್ತಿಸಿ ಠಾಣೆಗೆ ಒಯ್ದರು. ರಾತ್ರಿಯಾಗುವ ಹೊತ್ತಿಗೆ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಧರಣಿ ಕೂತಿದ್ದರು. ಬಂಗಾಳ ಸಮ್ಮತಿ ಹಿಂಪಡೆದು ಆಗ ಮೂರು ತಿಂಗಳೂ ಆಗಿರಲಿಲ್ಲ. ಆದರೆ ಆ ತನಿಖೆಗೆ ಆದೇಶಿಸಿದ್ದೇ ಸುಪ್ರೀಂ ಕೋರ್ಟ್. ನ್ಯಾಯಾಲಯ ಹೇಳಿದರೆ ರಾಜ್ಯದ ಒಪ್ಪಿಗೆ ಬೇಡ ಎಂದು 2010ರಲ್ಲೇ ಸಂವಿಧಾನ ಪೀಠ ತೀರ್ಮಾನಿಸಿತ್ತು, ಅದೂ ಬಂಗಾಳದ್ದೇ ಪ್ರಕರಣದಲ್ಲಿ. ಆಗಲೇ ಶುರುವಾದ ತನಿಖೆಗೆ ಸಮ್ಮತಿ ವಾಪಸಾತಿ ತಟ್ಟುವುದಿಲ್ಲ ಎಂಬುದು ಸಿಕ್ಕಿಂ ಪ್ರಕರಣದಲ್ಲಿ 1994ರಷ್ಟು ಹಿಂದೆಯೇ ಇತ್ಯರ್ಥವಾಗಿದೆ. ಕಮಿಷನರ್ ಶಿಲ್ಲಾಂಗ್‌ಗೆ ಹೋಗಿ ಸಿಬಿಐ ಮುಂದೆ ಕೂರಲೇಬೇಕಾಯಿತು.

ಇ.ಡಿ.ಗೆ, ಎನ್‌ಐಎಗೆ ಈ ಚಿಲಕದ ತಂಟೆಯೇ ಇಲ್ಲ. ಅವುಗಳ ಕಾಯ್ದೆಗಳು ರಾಜ್ಯದ ಒಪ್ಪಿಗೆ ಕೇಳುವುದಿಲ್ಲ. ರಾಜ್ಯ ಸರ್ಕಾರದ ವಾಲ್ಮೀಕಿ ನಿಗಮದ ಹಣ ಲೂಟಿಯ ತನಿಖೆಗೆ ಇ.ಡಿ. ಇಳಿದಾಗ, ಮುಖ್ಯಮಂತ್ರಿಯ ಹೆಸರು ಹೇಳುವಂತೆ ಒತ್ತಡ ಹಾಕಿದರು ಎಂಬ ದೂರಿನ ಮೇಲೆ ಇ.ಡಿ. ಅಧಿಕಾರಿಗಳ ವಿರುದ್ಧವೇ ಬೆಂಗಳೂರಿನ ವಿಲ್ಸನ್ ಗಾರ್ಡನ್ ಠಾಣೆಯಲ್ಲಿ ಎಫ್‌ಐಆರ್ ಬಿತ್ತು. ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಹೊರಗಿನವರು ಬೇಡ ಎನ್ನುವ ರಾಜ್ಯದ ಮಾತಿಗೆ ತೂಕ ಬರುವುದು ಒಳಗಿನವರ ಕೆಲಸದಿಂದ. ಅದಕ್ಕೆ ಉದಾಹರಣೆ ಬೆಂಗಳೂರಿನಲ್ಲೇ ಇದೆ. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾದಾಗಲೂ ಸಿಬಿಐ ಬೇಕೆಂಬ ಬೇಡಿಕೆ ಎದ್ದಿತ್ತು. ಸರ್ಕಾರ ಬಿ.ಕೆ. ಸಿಂಗ್ ನೇತೃತ್ವದ ಎಸ್‌ಐಟಿಯನ್ನು ನೆಚ್ಚಿಕೊಂಡಿತು. ಮುಂದಿನ ವರ್ಷ ಚುನಾವಣೆ ನಡೆದು ಕುಮಾರಸ್ವಾಮಿ ಮುಖ್ಯಮಂತ್ರಿಯಾದರೂ ತಂಡ ಚೆದುರಲಿಲ್ಲ. ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದೂ ಗೌರಿಯನ್ನು ಕೊಂದದ್ದೂ ಒಂದೇ 7.65 ಎಂ.ಎಂ. ಪಿಸ್ತೂಲು ಎಂಬುದು ಹೊರಬಂತು. ಪುಣೆಯಲ್ಲಿ ನಡೆದಿದ್ದ ವಿಚಾರವಾದಿ ನರೇಂದ್ರ ದಾಭೋಲ್ಕರ್ ಹತ್ಯೆಯ ಪ್ರಕರಣ 2014ರಿಂದ ಸಿಬಿಐ ಕೈಯಲ್ಲಿತ್ತು. ಆ ತನಿಖೆಗೆ 2018ರಲ್ಲಿ ಹೊಸ ದಾರಿ ತೋರಿಸಿದ್ದು ಬೆಂಗಳೂರಿನ ಎಸ್‌ಐಟಿ ಬಿಡಿಸಿದ ಜಾಲ. ಇಲ್ಲಿ ಸರ್ಕಾರದ ನಾಯಕತ್ವ ಮಾಡಿದ್ದು ಇಷ್ಟೇ: ಆಳು ಕೊಟ್ಟಿತು, ಸಮಯ ಕೊಟ್ಟಿತು, ಅಧಿಕಾರಿಗಳನ್ನು ಎತ್ತಂಗಡಿ ಮಾಡಲಿಲ್ಲ.

ಉಳಿದ ಕಡೆ ಹಾಗಿಲ್ಲ. ಠಾಣೆಗೊಬ್ಬ ಇನ್‌ಸ್ಪೆಕ್ಟರ್ ಬರಬೇಕಾದರೆ ಶಾಸಕರ ಶಿಫಾರಸಿನ ‘ಮಿನಿಟ್’ ಪತ್ರ ಮುಂದೆ ಓಡುತ್ತದೆ. ವರ್ಗಾವಣೆಯನ್ನು ಪೊಲೀಸ್ ಮಂಡಳಿಗೆ ಬಿಡಿ, ತನಿಖೆಯನ್ನು ಕಾನೂನು ಸುವ್ಯವಸ್ಥೆಯ ಕೆಲಸದಿಂದ ಬೇರ್ಪಡಿಸಿ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದನ್ನು ಮನಸಾರೆ ಒಪ್ಪಿದ ಸರ್ಕಾರ ದೇಶದಲ್ಲಿ ಸಿಗುವುದು ಕಷ್ಟ. ತನ್ನ ಪೊಲೀಸರನ್ನು ಶಾಸಕರ ಪತ್ರದಿಂದ ಬಿಡಿಸಲಾಗದ ರಾಜ್ಯ ಒಕ್ಕೂಟದ ತತ್ವ ಮಾತಾಡಿದರೆ, ಅದು ಕೇಂದ್ರದ ಪಂಜರಕ್ಕೆ ಎದುರಾಗಿ ತನ್ನದೊಂದು ಪಂಜರ ಇಟ್ಟಂತೆಯೇ ಜನರಿಗೆ ಕಾಣುತ್ತದೆ.

ಮುಡಾ ಪ್ರಕರಣ ಮುಂದೆ ಸಾಗಿದ್ದೂ ಹೀಗೆಯೇ. ಸಮ್ಮತಿ ಹಿಂಪಡೆದ ಮರುದಿನ ಲೋಕಾಯುಕ್ತ ಪೊಲೀಸರು ಮೈಸೂರಿನಲ್ಲಿ ಎಫ್‌ಐಆರ್ ಹಾಕಿದರು. 2025ರ ಜನವರಿಯಲ್ಲಿ ಇ.ಡಿ. ಸುಮಾರು 300 ಕೋಟಿ ರೂಪಾಯಿಯ 142 ಆಸ್ತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಫೆಬ್ರುವರಿಯಲ್ಲಿ, ಸಿಬಿಐಗೆ ವಹಿಸಿ ಎಂಬ ಅರ್ಜಿಯನ್ನು ಹೈಕೋರ್ಟ್ ತಳ್ಳಿಹಾಕಿತು. ಅದೇ ತಿಂಗಳು ಲೋಕಾಯುಕ್ತ ಪೊಲೀಸರು ಮುಖ್ಯಮಂತ್ರಿಯ ವಿರುದ್ಧ ಸಾಕ್ಷ್ಯವಿಲ್ಲ ಎಂದರು. ಜುಲೈನಲ್ಲಿ, ಮುಖ್ಯಮಂತ್ರಿಯ ಪತ್ನಿಗೆ ಕೊಟ್ಟಿದ್ದ ಸಮನ್ಸ್ ರದ್ದಾದದ್ದರ ವಿರುದ್ಧ ಇ.ಡಿ. ಮೇಲ್ಮನವಿ ತಂದಾಗ, ರಾಜಕೀಯ ಹೋರಾಟ ಮತದಾರರ ಮುಂದೆ ನಡೆಯಲಿ, ಅದಕ್ಕೆ ನಿಮ್ಮನ್ನೇಕೆ ಬಳಸಬೇಕು ಎಂಬರ್ಥದಲ್ಲಿ ಕೇಳಿದ ಸುಪ್ರೀಂ ಕೋರ್ಟ್ ಅದನ್ನು ವಜಾ ಮಾಡಿತು. ಅಷ್ಟು ಹೊತ್ತಿಗೆ ಮೈಸೂರಿನ ಆ ನಿವೇಶನಗಳ ಬಗ್ಗೆ ಎರಡು ಸಂಸ್ಥೆಗಳು ಎರಡು ಕಡತ ಕಟ್ಟಿದ್ದವು. ಒಂದನ್ನು ಆಡಳಿತ ಪಕ್ಷ, ಇನ್ನೊಂದನ್ನು ಪ್ರತಿಪಕ್ಷ ಎತ್ತಿ ಹಿಡಿದು ಓದುತ್ತಿದ್ದವು.