ಪುರಭವನದ ಮೆಟ್ಟಿಲುಗಳು

ವೇದಾವತಿ ದಂಡೆಯ ನಮ್ಮ ಕಡೆಯ ಊರುಗಳಲ್ಲಿ ಕವಿಗೋಷ್ಠಿಯಾದರೆ ಕಲ್ಯಾಣ ಮಂಟಪ, ಮುಷಾಯಿರಾ ಆದರೆ ಶಾದಿಮಹಲ್. ಕೇಳುಗರು ಯಾರು ಎಂಬುದು ಬಾಗಿಲಲ್ಲೇ ತೀರ್ಮಾನವಾಗಿಬಿಡುತ್ತದೆ. ಎರಡೂ ಬಾಗಿಲುಗಳಲ್ಲಿ ಚಪ್ಪಲಿ ಬಿಟ್ಟು ಬೆಳೆದ ನನಗೆ ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನದ ಮೇಲೆ ಮೊದಲಿನಿಂದಲೂ ಒಂದು ಹೊಟ್ಟೆಕಿಚ್ಚು.

ಇದಕ್ಕೆ ನದಿಯಿಲ್ಲ. ಹತ್ತಿರವಿದ್ದ ಸಂಪಂಗಿ ಕೆರೆಯ ನೆಲದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಪುರಭವನಕ್ಕೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಬಾಗಿಲು ತೆರೆದದ್ದು 1935ರಲ್ಲಿ. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. 1928ರ ಸುಲ್ತಾನಪೇಟೆ ಗಣಪತಿ ಗಲಾಟೆಯಲ್ಲಿ ಇದೇ ದಿವಾನರ ಧರ್ಮವನ್ನು ಹಿಡಿದು ಬೀದಿಯಲ್ಲಿ ಆಡಿಕೊಂಡಿದ್ದರು. ಆ ಗಾಯ ಆರುವ ಮೊದಲೇ ಊರಿಗೆಲ್ಲ ಸೇರಿದ ಒಂದು ಸಭಾಂಗಣ ಎದ್ದು ನಿಂತಿತೆಂಬುದು ನಮ್ಮ ನಗರ ಚರಿತ್ರೆಗಳಲ್ಲಿ ಕಾಣಸಿಗದ ಸಂಗತಿ. ಅವು ಕಂಬಗಳನ್ನು ವರ್ಣಿಸುತ್ತವೆ. ಗ್ರೀಕೋ ರೋಮನ್ನೋ ಎಂದು ಚರ್ಚಿಸುತ್ತವೆ.

1963ರಲ್ಲಿ ಪಕ್ಕದಲ್ಲೇ ರವೀಂದ್ರ ಕಲಾಕ್ಷೇತ್ರ ಬಂದ ಮೇಲೆ ನಾಟಕದವರು ಹೆಚ್ಚಾಗಿ ಅತ್ತ ಸರಿದರು. ಪುರಭವನದ ಒಳಗಿಗಿಂತ ಹೊರಗಿನ ಮೆಟ್ಟಿಲುಗಳಿಗೇ ಮಾತು ಬಂದಿತು. 2017ರ ಜೂನ್‌ನಲ್ಲಿ, ಹಬ್ಬದ ಬಟ್ಟೆ ಕೊಂಡು ರೈಲಿನಲ್ಲಿ ಊರಿಗೆ ಹೊರಟಿದ್ದ ಜುನೈದ್ ಎಂಬ ಹುಡುಗನನ್ನು ಇರಿದು ಕೊಂದಾಗ, 'ನನ್ನ ಹೆಸರಿನಲ್ಲಿ ಬೇಡ' ಎಂದು ಜನ ನಿಂತದ್ದು ಇಲ್ಲಿ. ಬಹುಪಾಲು ಅವನ ಜಾತಿಯವರಲ್ಲದ ಜನ. 2019ರ ಡಿಸೆಂಬರ್ 19ರಂದು, ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದದ್ದೂ ಇಲ್ಲಿಂದಲೇ.

ಇದಾಗಿ ಕೆಲವೇ ವಾರಗಳಲ್ಲಿ, 2020ರ ಆರಂಭದಲ್ಲಿ, ಆಗಿನ ಬಿಬಿಎಂಪಿ ಪುರಭವನದ ಮುಂದೆ ಪ್ರತಿಭಟನೆ ಕೂಡದೆಂದು ಗೊತ್ತುವಳಿ ಮಾಡಿತು. ಕೊಟ್ಟ ಕಾರಣ: ಗಲಾಟೆಯಿಂದ ಬಾಡಿಗೆಗೆ ಬರುವವರು ಕಡಿಮೆಯಾಗಿ ವರಮಾನ ಇಳಿದಿದೆ. ಪಾಲಿಕೆಗೆ ವರಮಾನ ಬೇಕು, ಸುಣ್ಣಬಣ್ಣಕ್ಕಾದರೂ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಡಿಗೆಯೇ ಲೆಕ್ಕವೆಂದಾದರೆ ಪುರಭವನಕ್ಕೂ ನಮ್ಮೂರಿನ ಕಲ್ಯಾಣ ಮಂಟಪಕ್ಕೂ ಏನು ವ್ಯತ್ಯಾಸ? ಮಂಟಪದ ಮಾಲೀಕನಾದರೂ ಮುಂಗಡ ಪಡೆದು ರಸೀದಿ ಕೊಡುತ್ತಾನೆ, ಊರಿನ ಹೆಸರಿನಲ್ಲಿ ಮಾತಾಡುವುದಿಲ್ಲ.

ಮುಂದೆ 2021ರ ಸರ್ಕಾರಿ ಆದೇಶ ನಗರದ ಪ್ರತಿಭಟನೆಗಳನ್ನೆಲ್ಲ ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿತು. ಅದು ಹಳೆಯ ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ಅಡ್ವಾಣಿಯವರನ್ನು ಇಟ್ಟಿದ್ದ ಜೈಲು. ನಮ್ಮ ಕಡೆಯಿಂದ ಬಂದು ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದವನಿಗೆ ಪುರಭವನಕ್ಕಿಂತ ಅದೇ ಹತ್ತಿರ, ಒಪ್ಪುತ್ತೇನೆ. ಆದರೆ ಜೈಲಿನ ಗೋಡೆಯೊಳಗೆ ಹೋಗುವವರು ಮೊದಲೇ ಒಪ್ಪಿಕೊಂಡವರು. ಪುರಭವನದ ಮುಂದೆ ಸಿಗ್ನಲ್ ಬಿದ್ದು ಸಿಟಿ ಬಸ್ಸು ನಿಂತಾಗ, ಮಾರ್ಕೆಟ್ಟಿಗೆ ಹೊರಟವರೂ ಕಿಟಕಿಯಿಂದ ಕತ್ತು ಹಾಕಿ, ಏನಂತೆ ಇವರದು ಎಂದು ಕೇಳುತ್ತಿದ್ದರು.